ಮಡಿಕೆಯಲ್ಲಿ ಅಳಿಸಿಹೋದ ಕಿಲ್ಲರ್ ಸುಡೊಕುವಿನ ದುರಸ್ತಿ

ಕೈಗೆ ಬಂದ ಹಾಳೆಯ ಸ್ಥಿತಿ ಹೀಗಿತ್ತು: ಎ4 ಅಳತೆ, ಜೆರಾಕ್ಸಿನ ಜೆರಾಕ್ಸ್, ನಾಲ್ಕು ಮಡಿಕೆಯಾಗಿ ಅಂಗಿಯ ಜೇಬಿನಲ್ಲಿ ಬಹಳ ಕಾಲ ಬೆವರು ಕುಡಿದದ್ದು. ಮಡಿಕೆಯ ಉದ್ದಕ್ಕೂ ಟೋನರ್ ಉದುರಿ ಬೆಳ್ಳಗಾಗಿತ್ತು. ಎರಡು ಮಡಿಕೆಗಳು ಒಂದನ್ನೊಂದು ದಾಟುವ ನಟ್ಟನಡುವೆ ಕಡಲೆಕಾಳಿನಷ್ಟು ತೂತು. ಹಾಳೆಯ ಮೇಲಿದ್ದದ್ದು ಒಂದು ಕಿಲ್ಲರ್ ಸುಡೊಕು. ತಂದವರು ತುಮಕೂರಿನಲ್ಲೇ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು. ಬೆಳಿಗ್ಗೆ ಅಮಾನಿಕೆರೆಯ ಕಡೆ ವಾಕಿಂಗ್ ಹೋಗಿ, ನಡೆದದ್ದಕ್ಕಿಂತ ಹೆಚ್ಚು ಹೊತ್ತು ಕಲ್ಲುಬೆಂಚಿನ ಮೇಲೆ ಪೆನ್ಸಿಲ್ ಹಿಡಿದು ಕೂರುವ ಗುಂಪಿಗೆ ಸೇರಿದವರು.

“ಇದನ್ನು ಹೊಸದಾಗಿ ಕೂರಿಸಿ ಒಂದಷ್ಟು ಪ್ರತಿ ತೆಗೆದುಕೊಡಪ್ಪ” ಎಂದರು.

“ಎರಡು ಕಡೆ ಅಂಕಿಯೇ ಕಾಣುತ್ತಿಲ್ಲ ಸರ್. ನಡುವಿನ ಗೆರೆಯೂ ಹೋಗಿದೆ.”

“ಅದಕ್ಕೇ ನಿನ್ನ ಹತ್ತಿರ ತಂದೆ. ಬರೀ ಪ್ರತಿ ತೆಗೆಯುವವರು ರಸ್ತೆಯುದ್ದಕ್ಕೂ ಇದ್ದಾರೆ.”

ನನ್ನದು ಡಿಟಿಪಿ ಅಂಗಡಿ. ಪಹಣಿಯ ಪ್ರತಿ, ಗೃಹಪ್ರವೇಶದ ಆಮಂತ್ರಣ, ಅಡಿಕೆ ವ್ಯಾಪಾರಿಗಳ ಬಿಲ್ ಪುಸ್ತಕ, ಇವುಗಳ ನಡುವೆ ಬಿಡುವಾದಾಗ ಮಾಡಿದ ಕೆಲಸದ ದಾಖಲೆ ಇದು. ಒಂದು ಷರತ್ತನ್ನು ಮೊದಲೇ ಹಾಕಿಕೊಂಡೆ: ಕಳೆದುಹೋದ ಯಾವ ಅಂಕಿಯನ್ನೂ ಊಹಿಸಿ ತುಂಬಬಾರದು. ಉಳಿದಿರುವ ಅಂಕಿಗಳೇ ಅದನ್ನು ಹೇಳಬೇಕು.

ಈ ಆಟ ಗೊತ್ತಿಲ್ಲದವರಿಗೆ ನಿಯಮ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಮಾಮೂಲಿ ಸುಡೊಕುವಿನಂತೆ ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು, ಒಂಬತ್ತು ಮನೆಗಳ ಪ್ರತಿ ಚೌಕದಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದು ಸಲ ಬರಬೇಕು. ಆದರೆ ಮೊದಲೇ ತುಂಬಿಟ್ಟ ಅಂಕಿ ಒಂದೂ ಇರುವುದಿಲ್ಲ. ಅದರ ಬದಲು ಮನೆಗಳನ್ನು ಚುಕ್ಕೆಗೆರೆಯಿಂದ ಪಂಜರಗಳಾಗಿ ಸುತ್ತುವರಿದು, ಪ್ರತಿ ಪಂಜರದ ಮೂಲೆಯಲ್ಲಿ ಅದರೊಳಗಿನ ಅಂಕಿಗಳ ಮೊತ್ತವನ್ನಷ್ಟೇ ಬರೆದಿರುತ್ತಾರೆ. ಒಂದು ಪಂಜರದೊಳಗೆ ಯಾವ ಅಂಕಿಯೂ ಎರಡು ಸಲ ಬರುವಂತಿಲ್ಲ. ಜಪಾನಿನಲ್ಲಿ 1990ರ ದಶಕದಲ್ಲೇ ಇದ್ದ ಈ ಬಗೆಯನ್ನು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ 2005ರಲ್ಲಿ ಅಚ್ಚುಹಾಕತೊಡಗಿದ ಮೇಲೆ ಅದು ಊರೂರು ಸುತ್ತಿತು.

ಮುಂದೆ ಮನೆಗಳನ್ನು ಗುರುತಿಸಲು ಅ3ಕ9 ಎಂಬಂತೆ ಬರೆಯುತ್ತೇನೆ. ಮೇಲಿನಿಂದ ಮೂರನೆಯ ಅಡ್ಡಸಾಲು, ಎಡದಿಂದ ಒಂಬತ್ತನೆಯ ಕಂಬಸಾಲು ಎಂದು ಓದಿಕೊಳ್ಳಿ. ಚೌಕಗಳಿಗೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ 1ರಿಂದ 9 ಎಂದು ಸಂಖ್ಯೆ.

ಸ್ಕ್ಯಾನ್ ಮಾಡಿ ನೋಡಿದ್ದು

600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಕಪ್ಪನ್ನು ಏರಿಸಿ, ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಪಂಜರಗಳು ಒಟ್ಟು 38. ಅವುಗಳಲ್ಲಿ 36ರ ಮೊತ್ತ ಓದಲು ಬಂತು. ಹೋದದ್ದು ಎರಡು. ಒಂದು, ಮೇಲಿನ ಅಂಚಿನಲ್ಲಿ ಮಡಿಕೆ ಬಿಚ್ಚುವ ಬೆರಳು ಬೀಳುವ ಜಾಗದ್ದು: ಅ1ಕ5, ಅ1ಕ6, ಅ2ಕ5 ಸೇರಿದ ಮೂರು ಮನೆಗಳ ಪಂಜರ. ಇನ್ನೊಂದು, ನಡುವಿನ ತೂತಿನ ಬಲಕ್ಕಿರುವ ಪಂಜರ. ಮೊತ್ತ ಹೋದದ್ದಲ್ಲದೆ ಅದರಲ್ಲಿ ಎಷ್ಟು ಮನೆಗಳು ಎಂಬುದೂ ತಿಳಿಯುತ್ತಿರಲಿಲ್ಲ. ಐದನೆಯ ಅಡ್ಡಸಾಲಿನಲ್ಲಿ ಎಡಕ್ಕೆ ಅ5ಕ3, ಅ5ಕ4 ಒಂದು ಪಂಜರದಲ್ಲಿವೆ, ಅದರ ಮೊತ್ತ 12 ಸ್ಪಷ್ಟವಾಗಿದೆ. ಬಲಕ್ಕೆ ಅ5ಕ6, ಅ5ಕ7 ಇನ್ನೊಂದರಲ್ಲಿವೆ. ನಡುವಿನ ಅ5ಕ5 ಪೂರ್ತಿ ತೂತು. ಅದರ ಮೇಲೆ, ಕೆಳಗೆ ಇರುವ ಪಂಜರಗಳ ಗೆರೆ ಮುಚ್ಚಿಕೊಂಡಿರುವುದು ಕಾಣುತ್ತದೆ. ಒಂಟಿ ಮನೆಯ ಪಂಜರ ಇಡೀ ಹಾಳೆಯಲ್ಲಿ ಒಂದೂ ಇಲ್ಲ. ಐದೂ ಮನೆಗಳು ಸೇರಿ ಒಂದೇ ಪಂಜರವಾಗಿರಲೂ ಸಾಧ್ಯವಿಲ್ಲ. ಐದು ಬೇರೆ ಬೇರೆ ಅಂಕಿಗಳ ಕನಿಷ್ಠ ಮೊತ್ತವೇ 15, ಇಲ್ಲಿ ಬರೆದಿರುವುದು 12. ಹಾಗಾದರೆ ನಡುಮನೆ ಎಡದ ಪಂಜರದ್ದೋ ಬಲದ ಪಂಜರದ್ದೋ ಎಂಬ ಒಂದೇ ಪ್ರಶ್ನೆ ಉಳಿಯಿತು.

ಓದಲು ಬಂದವುಗಳನ್ನೂ ಹಾಗೆಯೇ ನಂಬುವಂತಿರಲಿಲ್ಲ. ಜೆರಾಕ್ಸಿನ ಜೆರಾಕ್ಸಿನಲ್ಲಿ 5ರ ಹೊಟ್ಟೆ ಮುಚ್ಚಿಕೊಂಡು 6 ಆಗುತ್ತದೆ, 1ಕ್ಕೆ ಕೊಕ್ಕೆ ಬಂದು 7 ಆಗುತ್ತದೆ. ಮೂರನೆಯ ಚೌಕದಲ್ಲಿ ಅ3ಕ7, ಅ3ಕ8 ಪಂಜರದ ಮೇಲೆ ಇದ್ದದ್ದು 15ರಂತೆಯೂ 16ರಂತೆಯೂ ಕಾಣುತ್ತಿತ್ತು. ಭೂತಗನ್ನಡಿ ಬದಿಗಿಟ್ಟು ಕೂಡಿ ನೋಡಿದೆ. ಆ ಚೌಕದೊಳಗೆ ಪೂರ್ತಿಯಾಗಿ ಇರುವ ಉಳಿದ ಪಂಜರಗಳು 7, 15, 7. ಹೊರಗೆ ಕಾಲು ಚಾಚಿರುವುದು ಅ3ಕ9 ಒಂದೇ ಮನೆ, ಅದು ಕೆಳಗಿನ ಅ4ಕ9ರ ಜೊತೆ ಸೇರಿ 9. ಯಾವುದೇ ಚೌಕದ ಒಂಬತ್ತು ಅಂಕಿಗಳ ಮೊತ್ತ 45. ಅನುಮಾನದ ಅಂಕಿ 16 ಆಗಿದ್ದರೆ 7, 15, 7, 16 ಸೇರಿ ಅಲ್ಲಿಗೇ 45 ಮುಗಿದು ಅ3ಕ9ರಲ್ಲಿ ಸೊನ್ನೆ ಬರೆಯಬೇಕಾಗುತ್ತದೆ. ಆದ್ದರಿಂದ ಅದು 15. ಜೊತೆಗೆ ಅ3ಕ9ರಲ್ಲಿ 1, ಅ4ಕ9ರಲ್ಲಿ 8 ಎಂಬುದೂ ಪುಕ್ಕಟೆಯಾಗಿ ಸಿಕ್ಕಿತು.

ಹಾಳೆ ತಾನೇ ತನ್ನನ್ನು ರಿಪೇರಿ ಮಾಡಿಕೊಳ್ಳುತ್ತದೆ ಎಂಬ ಧೈರ್ಯ ನನಗೆ ಬಂದದ್ದು ಇಲ್ಲಿ.

ಮೇಲಿನ ಪಂಜರದ ಮೊತ್ತ

ಕಿಲ್ಲರ್ ಸುಡೊಕುವಿಗೆ ಹೊಸಬರು ಮಾಡುವ ಮೊದಲ ಕೆಲಸವೆಂದರೆ ಚಿಕ್ಕ ಪಂಜರಗಳಿಗೆ ಮುಗಿಬೀಳುವುದು. ಎರಡು ಮನೆಗೆ 3 ಎಂದರೆ 1 ಮತ್ತು 2, 16 ಎಂದರೆ 7 ಮತ್ತು 9, 17 ಎಂದರೆ 8 ಮತ್ತು 9. ಮೂರು ಮನೆಗೆ 6 ಎಂದರೆ 1, 2, 3, ಹಾಗೆಯೇ 24 ಎಂದರೆ 7, 8, 9. ಇವು ಬಾಯಿಪಾಠವಾಗಿರಬೇಕು, ನಿಜ. ಆದರೆ ಗಟ್ಟಿ ಹಾಳೆಗಳು ಅಲ್ಲಿಂದ ಒಡೆಯುವುದಿಲ್ಲ. ಮೊದಲು ದೊಡ್ಡ ಪ್ರದೇಶದ ಲೆಕ್ಕ ಹಾಕಿ ಗೋಡೆ ದಾಟಿ ಹೊರಗೆ ಇಣುಕಿರುವ ಮನೆಯನ್ನು ಹಿಡಿಯಬೇಕು ಎಂದು ಮೇಷ್ಟ್ರು ಬೆಂಚಿನ ಮೇಲೆ ಎಲ್ಲರಿಗೂ ಹೇಳುತ್ತಾರೆ. ನಾನೂ ಅದನ್ನೇ ಮಾಡಿದೆ.

ಮೇಲಿನ ಮೂರು ಅಡ್ಡಸಾಲುಗಳು ಸೇರಿ 135. ಅಲ್ಲಿನ ಪಂಜರಗಳಲ್ಲಿ ಕೆಳಕ್ಕೆ ಇಣುಕಿರುವುದು ಎರಡೇ ಮನೆ: ಅ4ಕ1 ಮತ್ತು ಅ4ಕ9. ಅಳಿಸಿದ್ದನ್ನು ಬಿಟ್ಟು ಉಳಿದ ಪಂಜರಗಳ ಮೊತ್ತ 129. ಹಾಗಾದರೆ ಅಳಿಸಿದ ಮೊತ್ತ ಮತ್ತು 129 ಸೇರಿದರೆ, 135ಕ್ಕೆ ಆ ಎರಡು ಮನೆಗಳನ್ನು ಕೂಡಿಸಿದಷ್ಟಾಗಬೇಕು. ಅ4ಕ9ರಲ್ಲಿ 8 ಎಂದು ಆಗಲೇ ಗೊತ್ತು. ಅಳಿಸಿದ ಮೊತ್ತವೆಂದರೆ 14ಕ್ಕೆ ಅ4ಕ1ರ ಅಂಕಿ ಕೂಡಿದಷ್ಟು. ಅಲ್ಲಿಗೆ ಕೆಲಸವೆಲ್ಲ ಅ4ಕ1ರ ಮೇಲೆ ಬಂದು ನಿಂತಿತು.

ಒಂದನೆಯ ಚೌಕದಲ್ಲಿ ಪೂರ್ತಿ ಒಳಗಿರುವ ಪಂಜರಗಳು 10, 17, 9, ಒಟ್ಟು 36. ಉಳಿದ ಅ3ಕ1 ಮತ್ತು ಅ3ಕ3 ಸೇರಿ 9 ಆಗಬೇಕು. ಅ3ಕ1 ಕೆಳಗಿನ ಅ4ಕ1ರ ಜೊತೆ ಇರುವ ಪಂಜರದ ಮೊತ್ತವೂ 9. ಎಂದರೆ ಅ3ಕ3ರಲ್ಲಿ ಯಾವ ಅಂಕಿಯೋ ಅ4ಕ1ರಲ್ಲೂ ಅದೇ ಅಂಕಿ. ಒಂದಕ್ಕೊಂದು ತಾಗದ, ಬೇರೆ ಬೇರೆ ಚೌಕಗಳ ಎರಡು ಮನೆಗಳು ಹೀಗೆ ಜೋಡಿಯಾಗುವುದು ಈ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ. ಅಂಕಿ ಯಾವುದೆಂದು ತಿಳಿಯುವ ಮೊದಲೇ ಅದರ ಸಂಬಂಧ ತಿಳಿದುಬಿಡುತ್ತದೆ.

ಅ3ಕ3 ತನ್ನ ಪಕ್ಕದ ಅ3ಕ4ರ ಜೊತೆ ಸೇರಿ 5. ಮೂರನೆಯ ಸಾಲಿನಲ್ಲಿ 1 ಆಗಲೇ ಕೂತಿದೆ, ಆದ್ದರಿಂದ 1 ಮತ್ತು 4ರ ಜೋಡಿ ಬಿತ್ತು. ಉಳಿದದ್ದು 2 ಮತ್ತು 3. ಅಳಿಸಿದ ಮೊತ್ತ 16 ಇಲ್ಲವೇ 17.

ಇಷ್ಟಕ್ಕೆ ನಿಲ್ಲಿಸಿ ಯಾವುದೋ ಒಂದನ್ನು ಹಾಕಿ ನೋಡೋಣ ಎನ್ನುವ ಆಸೆ ಬರುವ ಘಟ್ಟ ಇದು. ಬಲಕ್ಕೆ ಮೂರನೆಯ ಚೌಕಕ್ಕೆ ಮತ್ತೆ ಹೋದೆ. ಅಲ್ಲಿ 7ರ ಪಂಜರಗಳು ಎರಡು, ಎರಡಕ್ಕೂ ಎರಡೆರಡು ಮನೆ. ಚೌಕದ 1 ಖರ್ಚಾಗಿರುವುದರಿಂದ 1 ಮತ್ತು 6 ಇಲ್ಲ. ಒಂದು 7ಕ್ಕೆ 2 ಮತ್ತು 5, ಇನ್ನೊಂದಕ್ಕೆ 3 ಮತ್ತು 4. ಹಾಗಾದರೆ ಎರಡು 15ರ ಪಂಜರಗಳಿಗೆ 6, 9 ಒಂದು ಜೋಡಿ, 7, 8 ಇನ್ನೊಂದು ಜೋಡಿ. ಒಂಬತ್ತನೆಯ ಕಂಬಸಾಲಿನಲ್ಲಿ ಉದ್ದಕ್ಕೆ ನಿಂತ 15ರಲ್ಲಿ 8 ಇರುವಂತಿಲ್ಲ, ಏಕೆಂದರೆ ಅದೇ ಕಂಬದ ಅ4ಕ9ರಲ್ಲಿ 8 ಇದೆ. ಅದಕ್ಕೆ 6 ಮತ್ತು 9. ಮೂರನೆಯ ಅಡ್ಡಸಾಲಿನಲ್ಲಿ ಮಲಗಿರುವ 15ಕ್ಕೆ 7 ಮತ್ತು 8. ಆ ಸಾಲಿನ 7 ಅಲ್ಲಿಗೆ ಹೋದ ಮೇಲೆ ಅ3ಕ1ರಲ್ಲಿ 7 ಬರುವಂತಿಲ್ಲ, 6 ಬರಲೇಬೇಕು. ಅ3ಕ3ರಲ್ಲಿ 3, ಅದರ ಜೋಡಿಯಾದ ಅ4ಕ1ರಲ್ಲೂ 3, ಅ3ಕ4ರಲ್ಲಿ 2.

ಅಳಿಸಿದ ಮೊತ್ತ 17. ಪೆನ್ಸಿಲಿನಲ್ಲಿ ಬರೆದು ಮೇಷ್ಟ್ರಿಗೆ ಫೋನ್ ಮಾಡಿದೆ. “ಹದಿನೇಳೇ ಇರಬೇಕು ಅನಿಸಿತ್ತು” ಎಂದರು. ಅನಿಸಿದ್ದನ್ನು ತರುವಾಗಲೇ ಹೇಳಬಹುದಿತ್ತು.

ನಡುವಿನ ತೂತು

ಒಂಬತ್ತು ಚೌಕ, ತಲಾ 45. ಇಡೀ ಹಾಳೆಯ ಮೊತ್ತ 405. ಎಲ್ಲ ಪಂಜರಗಳನ್ನು ಕೂಡಿದರೂ ಅದೇ ಬರಬೇಕು. ಓದಲು ಸಿಕ್ಕ 36 ಮೊತ್ತಗಳು ಸೇರಿ 374. ಕಳೆದುಹೋದ ಎರಡೂ ಸೇರಿ 31. ಅದರಲ್ಲಿ 17 ಹೋದರೆ ನಡುವಿನ ಬಲಪಂಜರಕ್ಕೆ 14. ಅಂಕಿ ಸಿಕ್ಕಿತು. ಗೆರೆ ಎಲ್ಲಿತ್ತು ಎಂಬುದು ಬಾಕಿ.

ಈ ಹೊತ್ತಿಗೆ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಅಂಗಡಿಗೆ ಬಂದಿದ್ದ. “ಮಾಮ, ಪೈಥಾನಿನಲ್ಲಿ ಸಣ್ಣ ಪ್ರೋಗ್ರಾಂ ಬರೆದರೆ ಎರಡೂ ರೀತಿ ತುಂಬಿ ನೋಡಿ ಒಂದು ಕ್ಷಣದಲ್ಲಿ ಹೇಳುತ್ತದೆ” ಎಂದ. ಹೇಳುತ್ತದೆ, ಅನುಮಾನವಿಲ್ಲ. ಆದರೆ ಅದು ಹೇಳುವುದು ಉತ್ತರ ಇದೆಯೋ ಇಲ್ಲವೋ ಎಂದಷ್ಟೇ. ಮನುಷ್ಯರು ಪೆನ್ಸಿಲಿನಿಂದ ಅಲ್ಲಿಗೆ ನಡೆದುಹೋಗಲು ದಾರಿ ಇದೆಯೇ ಎಂಬುದನ್ನು ಅದು ಹೇಳುವುದಿಲ್ಲ, ಬೆಂಚಿನ ಮೇಲೆ ಕೂರುವವರಿಗೆ ಬೇಕಾಗಿರುವುದು ಆ ದಾರಿ. ಅವನನ್ನು ಕೌಂಟರಿನಲ್ಲಿ ಕೂರಿಸಿ ನಾನು ಹಾಳೆಗೆ ಮರಳಿದೆ.

ತೂತಿನ ಹತ್ತಿರ ನಿಂತು ತೂತನ್ನೇ ನೋಡಿದರೆ ಏನೂ ಸಿಗುವುದಿಲ್ಲ. ಕೆಳಗಿನ ಎಡಮೂಲೆಯಿಂದ ಶುರು ಮಾಡಿದೆ. ಏಳನೆಯ ಚೌಕದ ಒಳಪಂಜರಗಳು 12, 5, 12, 7, ಒಟ್ಟು 36. ಉಳಿದ ಅ7ಕ3ರಲ್ಲಿ 9. ಅದು ಮೇಲಿನ ಅ6ಕ3ರ ಜೊತೆ ಸೇರಿ 13, ಹಾಗಾಗಿ ಅ6ಕ3ರಲ್ಲಿ 4. ನಾಲ್ಕನೆಯ ಚೌಕದಲ್ಲಿ ಅ4ಕ1ರ 3 ಮತ್ತು 11, 10, 10ರ ಪಂಜರಗಳು ಸೇರಿ 34; ಉಳಿದ 11ರಲ್ಲಿ ಈ 4 ಹೋದರೆ ಅ5ಕ3ರಲ್ಲಿ 7. ತೂತಿನ ಎಡಪಂಜರದ ಒಂದು ಮನೆ ಸಿಕ್ಕಿತು.

ಬಲದಿಂದಲೂ ಹೀಗೆಯೇ. ಆರನೆಯ ಚೌಕದಲ್ಲಿ ಅ4ಕ9ರ 8 ಮತ್ತು 9, 5, 16ರ ಪಂಜರಗಳು ಸೇರಿ 38. ಉಳಿದ ಅ4ಕ7 ಮತ್ತು ಅ5ಕ7 ಸೇರಿ 7. ಅ4ಕ6, ಅ4ಕ7 ಸೇರಿದ ಪಂಜರದ ಮೊತ್ತ 3. ಎಂದರೆ ಅ4ಕ7ರಲ್ಲಿ 1 ಅಥವಾ 2, ಅ5ಕ7ರಲ್ಲಿ 6 ಅಥವಾ 5.

ಈಗ ನಡುಮನೆ ಬಲದ ಪಂಜರದ್ದು ಎಂದು ಇಟ್ಟುಕೊಳ್ಳೋಣ. ಎಡದಲ್ಲಿ ಎರಡೇ ಮನೆ ಉಳಿದು, 12ರಲ್ಲಿ 7 ಹೋಗಿ ಅ5ಕ4ರಲ್ಲಿ 5 ಬರುತ್ತದೆ. ಸಾಲಿನಲ್ಲಿ 5 ಕೂತ ಮೇಲೆ ಅ5ಕ7ರಲ್ಲಿ 6, ಅ4ಕ7ರಲ್ಲಿ 1, ಅ4ಕ6ರಲ್ಲಿ 2. ಐದನೆಯ ಚೌಕದ ಮೇಲ್ಸಾಲಿನ 16ರ ಪಂಜರ 7 ಮತ್ತು 9ನ್ನು ಹಿಡಿದಿದೆ. ಕೆಳಸಾಲಿನಲ್ಲಿ ಅ6ಕ4, ಅ6ಕ5ಕ್ಕೆ 11. ಇದಕ್ಕೆ 2 ಮತ್ತು 9 ಇಲ್ಲ, 4 ಮತ್ತು 7 ಇಲ್ಲ, 5 ಮತ್ತು 6 ಇಲ್ಲ, 3 ಮತ್ತು 8 ಮಾತ್ರ. ಚೌಕದಲ್ಲಿ ಉಳಿದ ಮೂರು ಮನೆಗಳಿಗೆ 1, 4, 6. ಐದನೆಯ ಸಾಲಿನಲ್ಲಿ 6 ಆಗಲೇ ಬಂದಿರುವುದರಿಂದ ಅ5ಕ5, ಅ5ಕ6ಕ್ಕೆ 1 ಮತ್ತು 4 ಹೋಗಬೇಕು, ಅವೆರಡೂ ಸೇರಿ 5. ಪಂಜರ ಕೇಳುತ್ತಿರುವುದು 14. ಅ5ಕ7ರ 6 ಕಳೆದರೆ 8. ಐದನ್ನು ಎಂಟು ಮಾಡುವ ಉಪಾಯ ಇಲ್ಲ.

ನಡುಮನೆ ಎಡದ್ದು. ತೂತಿನ ಬಲಗಡೆ ಗೆರೆ ಎಳೆಯಬೇಕು.

ಇದನ್ನು ಕೆಲವರು ಊಹೆ ಎನ್ನಬಹುದು. ಒಂದನ್ನು ಇಟ್ಟುಕೊಂಡು ನೋಡಿದ್ದಲ್ಲವೇ ಎಂದು ಕೇಳಬಹುದು. ಇಟ್ಟುಕೊಂಡದ್ದು ಕೆಡಹುವುದಕ್ಕೆ. ಎರಡೇ ಸಾಧ್ಯತೆಗಳಿದ್ದು, ಒಂದು ಕೆಲವೇ ಹೆಜ್ಜೆಗಳಲ್ಲಿ ಅಸಾಧ್ಯವೆಂದು ತೋರಿದರೆ ಅದು ಶಾಲೆಯ ರೇಖಾಗಣಿತದಲ್ಲಿ ಕಲಿತ ಸಾಧನೆಯೇ. ಒಂದು ಅಂಕಿ ಹಾಕಿ, ಅರ್ಧ ಹಾಳೆ ತುಂಬಿ, ಸಿಕ್ಕಿಹಾಕಿಕೊಂಡು, ರಬ್ಬರ್ ಹುಡುಕುವುದು ಬೇರೆ.

ಉಳಿದದ್ದನ್ನು ಬಿಡಿಸಿದ್ದು

ದುರಸ್ತಿ ಸರಿಯಾಗಿದೆಯೇ ಎಂದು ತಿಳಿಯಲು ಪೂರ್ತಿ ಬಿಡಿಸದೆ ವಿಧಿಯಿಲ್ಲ. ಗೆರೆ ಕೂತ ಕೂಡಲೇ ನಡುಭಾಗ ಸಡಿಲವಾಯಿತು. ಅ5ಕ6, ಅ5ಕ7 ಸೇರಿ 14. ಚೌಕದ 9 ಮೇಲ್ಸಾಲಿನಲ್ಲಿ ಇರುವುದರಿಂದ 9 ಮತ್ತು 5 ಆಗದು, 8 ಮತ್ತು 6. ಅ5ಕ4, ಅ5ಕ5ಕ್ಕೆ 1 ಮತ್ತು 4, ಕೆಳಗಿನ 11ಕ್ಕೆ 5 ಮತ್ತು 6, ಅ6ಕ6ರಲ್ಲಿ 3, ಅದರ ಕೆಳಗೆ ಅ7ಕ6ರಲ್ಲಿ 7. ಆರನೆಯ ಚೌಕವೂ ಹಿಂದೆಯೇ ಬಂತು: ಅ4ಕ8ರಲ್ಲಿ 4, ಅ5ಕ8ರಲ್ಲಿ 5, ಅ5ಕ9ರಲ್ಲಿ 3, ಅ6ಕ9ರಲ್ಲಿ 2.

ಮೊದಲನೆಯ ಕಂಬಸಾಲು ಮಾತ್ರ ಸ್ವಲ್ಪ ಹೊತ್ತು ಕೂರಿಸಿತು. ಅ5ಕ1, ಅ5ಕ2ರಲ್ಲಿ 2 ಮತ್ತು 9; ಅ6ಕ1, ಅ6ಕ2ರಲ್ಲಿ 1 ಮತ್ತು 8. ಉದ್ದಕ್ಕೆ ಎರಡು ಪಂಜರ, ಎರಡಕ್ಕೂ 10. ಎಡದ್ದು 2, 8 ಆದರೆ ಬಲದ್ದು 9, 1. ಎಡದ್ದು 9, 1 ಆದರೆ ಬಲದ್ದು 2, 8. ಯಾವುದೆಂದು ಹೇಳುವ ಅಂಕಿ ಸುತ್ತಮುತ್ತ ಇಲ್ಲ. ಅದೇ ಕಂಬದ ತುದಿಯಲ್ಲಿ ಅ1ಕ1, ಅ2ಕ1ಕ್ಕೂ 10. ಕಂಬದಲ್ಲಿ 3 ಮತ್ತು 6 ಬಂದಿರುವುದರಿಂದ ಅಲ್ಲಿಯೂ 1, 9 ಇಲ್ಲವೇ 2, 8. ಮೇಲಿನದು ಯಾವುದನ್ನೇ ತೆಗೆದುಕೊಳ್ಳಲಿ, ಕೆಳಗಿನದು ಇನ್ನೊಂದನ್ನು ತೆಗೆದುಕೊಳ್ಳಲೇಬೇಕು. ನಾಲ್ಕೂ ಮನೆಗಳು ಸೇರಿ 1, 2, 8, 9ನ್ನು ನುಂಗುತ್ತವೆ. ಕಂಬದ ಬುಡದಲ್ಲಿ ಉಳಿದದ್ದು 4, 5, 7. ಅ7ಕ1, ಅ8ಕ1ಕ್ಕೆ 12 ಬೇಕು, ಅದು 5 ಮತ್ತು 7. ಅ9ಕ1ರಲ್ಲಿ 4, ಅದರ ಪಕ್ಕ 12ರ ಪಂಜರದಲ್ಲಿ ಅ9ಕ2ರಲ್ಲಿ 8. ಎರಡನೆಯ ಕಂಬದಲ್ಲಿ 8 ಬಂದದ್ದೇ ಮೇಲಿನ ತಕರಾರು ತೀರಿತು: ಬಲದ್ದು 9, 1, ಎಡದ್ದು 2, 8. ಯಾವುದು ಎಲ್ಲಿ ಎಂದು ತಿಳಿಯದಿದ್ದರೂ ಎಲ್ಲವೂ ಸೇರಿ ಎಷ್ಟು ಜಾಗ ಹಿಡಿದಿವೆ ಎಂದು ತಿಳಿದರೆ ಸಾಕಾಗುವ ಸಂದರ್ಭ ಇದು. ಗಟ್ಟಿ ಹಾಳೆಗಳಲ್ಲಿ ಬೀಗ ತೆರೆಯುವುದು ಹೆಚ್ಚಾಗಿ ಇಂಥ ಕಡೆ.

ಅದಾದ ಮೇಲೆ ಎಂಟನೆಯ ಚೌಕದಲ್ಲಿ 12ರ ಪಂಜರಕ್ಕೆ 8 ಮತ್ತು 4, 8ರ ಪಂಜರಕ್ಕೆ 3 ಮತ್ತು 5 ಎಂದು ಕೂತು, ಐದು ಮತ್ತು ಆರನೆಯ ಕಂಬಗಳು ಮೇಲಿನವರೆಗೆ ಭರ್ತಿಯಾದವು. ತೂತಿದ್ದ ನಡುಮನೆಯಲ್ಲಿ 1. ಅಳಿಸಿಹೋಗಿದ್ದ ಮೇಲಿನ ಪಂಜರದಲ್ಲಿ 4, 6, 7, ಮೊತ್ತ 17. ಉತ್ತರ ಒಂದೇ, ಎಲ್ಲಿಯೂ ಕವಲಿಲ್ಲ.

ಮೂಲದಲ್ಲಿ ಇದು ನಡುದರ್ಜೆಯ ಹಾಳೆಯೇ ಇರಬೇಕು, ಎರಡು ಮನೆಗಳ ಪಂಜರಗಳು ಇಷ್ಟೊಂದು ಇವೆ. ಜೇಬಿನಲ್ಲಿ ಕುಳಿತು ಕಠಿಣವಾಯಿತು.

ಹೊಸ ಹಾಳೆ

ಕೋರೆಲ್‌ಡ್ರಾದಲ್ಲಿ ಕೂರಿಸಿದೆ. ಪ್ರತಿ ಮನೆ 18 ಮಿಲಿಮೀಟರ್, ಒಟ್ಟು ಅಗಲ 162. ಎ4 ಹಾಳೆಯಲ್ಲಿ ಎರಡೂ ಬದಿಗೆ 24 ಮಿಲಿಮೀಟರ್ ಅಂಚು ಉಳಿಯುತ್ತದೆ. ಚೌಕಗಳ ಗೆರೆ 2 ಪಾಯಿಂಟ್. ಮನೆಗಳ ಗೆರೆಯನ್ನು ಅರ್ಧ ಪಾಯಿಂಟಿಗಿಂತ ತೆಳ್ಳಗೆ ಇಡಬಾರದು. ಕೂದಲೆಳೆಯ ಗೆರೆ ಪರದೆಯ ಮೇಲೆ ಚೆಂದ, ಜೆರಾಕ್ಸಿನಲ್ಲಿ ತುಂಡುತುಂಡಾಗಿ ಪಂಜರದ ಚುಕ್ಕೆಗೆರೆಯಂತೆಯೇ ಕಾಣತೊಡಗುತ್ತದೆ. ಪಂಜರದ ಗೆರೆಯನ್ನು ಮನೆಯ ಗೋಡೆಯಿಂದ ಒಂದೂವರೆ ಮಿಲಿಮೀಟರ್ ಒಳಗೆ ಎಳೆದರೆ ಪಕ್ಕಪಕ್ಕದ ಎರಡು ಪಂಜರಗಳು ಒಂದರ ಮೇಲೊಂದು ಬೀಳುವುದಿಲ್ಲ. ಮೊತ್ತ ಬರುವ ಮೂಲೆಯಲ್ಲಿ ಚುಕ್ಕೆಗೆರೆಯನ್ನು ಕತ್ತರಿಸಿ ಅಂಕಿಗೆ ಜಾಗ ಬಿಟ್ಟೆ. ಅಂಕಿ 9 ಪಾಯಿಂಟ್, ದಪ್ಪಕ್ಷರ. ಓದುವವರೆಲ್ಲ ಅರವತ್ತು ದಾಟಿದವರು. ಪಂಜರಗಳಿಗೆ ಬಣ್ಣ ತುಂಬುವ ರೂಢಿಯೂ ಇದೆ, ಆದರೆ ಕಪ್ಪುಬಿಳುಪು ಪ್ರತಿಯಲ್ಲಿ ಎಲ್ಲ ಬಣ್ಣವೂ ಒಂದೇ ಬೂದಿಯಾಗುತ್ತದೆ, ಅದರ ಮೇಲೆ ಪೆನ್ಸಿಲ್ ಕಾಣುವುದಿಲ್ಲ. ಕಾಗದ 100 ಜಿಎಸ್ಎಂ. ಜೆರಾಕ್ಸಿಗೆ ಬಳಸುವ ಮಾಮೂಲಿ 75ರ ಹಾಳೆ ರಬ್ಬರಿನ ಉಜ್ಜಾಟಕ್ಕೆ ಬೇಗ ಮಾಸುತ್ತದೆ.

ಮೇಷ್ಟ್ರು ನಮೂನೆ ಪ್ರತಿ ನೋಡಿ ಕನ್ನಡಕ ತೆಗೆದರು. “ಎಲ್ಲ ತುಂಬಿಬಿಟ್ಟೆಯಲ್ಲಪ್ಪ. ಇದನ್ನು ಕಾಫಿ ಕುಡಿಯುವುದರೊಳಗೆ ಮುಗಿಸುತ್ತಾರೆ.”

“ಮತ್ತೆ ಅಳಿಸಲೇ ಸರ್?”

“ಅರ್ಧ ಪ್ರತಿಗಳಲ್ಲಿ ಅಳಿಸು.”

ಹಾಗೆ ಎರಡು ಬಗೆ ಅಚ್ಚಾಯಿತು. ಒಂದರಲ್ಲಿ 38 ಮೊತ್ತಗಳೂ ಇವೆ, ಎಲ್ಲ ಗೆರೆಗಳೂ ಮುಚ್ಚಿವೆ. ಇನ್ನೊಂದರಲ್ಲಿ 17ರ ಜಾಗ ಖಾಲಿ, 14ರ ಜಾಗ ಖಾಲಿ, ಅ5ಕ5ರ ಎಡಕ್ಕೂ ಬಲಕ್ಕೂ ಗೆರೆಯಿಲ್ಲ. ಅದರ ಕೆಳಗೆ ಒಂದು ಸಾಲಿನ ಸೂಚನೆ ಸೇರಿಸಿದೆ: “ಎರಡು ಮೊತ್ತಗಳನ್ನು ಬಿಡಲಾಗಿದೆ, ನಡುಮನೆ ಯಾವ ಪಂಜರಕ್ಕೆ ಸೇರಿದ್ದೆಂದು ಬಿಡಿಸುವವರೇ ಗೆರೆ ಎಳೆಯಬೇಕು, ಒಂಟಿ ಮನೆಯ ಪಂಜರ ಇಲ್ಲ.” ಕೊನೆಯ ತುಂಡನ್ನು ಸೇರಿಸಿದ್ದು ಮೇಷ್ಟ್ರು ಹೇಳಿದ ಮೇಲೆ. ಅದಿಲ್ಲದಿದ್ದರೆ ಯಾರಾದರೂ ನಡುಮನೆಯನ್ನು ಒಂಟಿಯಾಗಿಸಿ, ಅದೂ ಆಗುತ್ತದಲ್ಲ ಎಂದು ವಾದಕ್ಕೆ ನಿಲ್ಲುತ್ತಾರಂತೆ, ಯಾರು ಎಂಬುದೂ ಅವರಿಗೆ ಗೊತ್ತಿತ್ತು.